ಎಂಜಿನ್ ಏದುಸಿರು ಬಿಟ್ಟರೆ ರೋಗ ಎಲ್ಲಿದೆ?



ನಮ್ಮ ಕುಂಸಿ ಇರುವುದು ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ. ಹಗಲು ರಾತ್ರಿ ಗಾಡಿಗಳು ಓಡುತ್ತಲೇ ಇರುತ್ತವೆ. ಆಗಾಗ ಯಾವುದಾದರೂ ಕಾರು ರಸ್ತೆ ಪಕ್ಕ ಬಾನೆಟ್ ಎತ್ತಿಕೊಂಡು ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಸುತ್ತ ನಾಲ್ಕು ಜನ ಸೇರುತ್ತಾರೆ. ಒಬ್ಬರು "ಪ್ಲಗ್ ಹೋಗಿದೆ" ಅಂತಾರೆ. ಇನ್ನೊಬ್ಬರು "ಪಂಪ್ ಇರಬೇಕು" ಅಂತಾರೆ. ಮೂರನೆಯವರು ತಲೆ ಅಲ್ಲಾಡಿಸಿ "ಎಂಜಿನ್ ಬೋರಿಗೆ ಬಂದಿದೆ ಬಿಡಿ" ಅಂದುಬಿಡುತ್ತಾರೆ.

ಬೋರ್ ಮಾಡಿಸುವುದು ಅಂದರೆ ಇಡೀ ಎಂಜಿನ್ ಬಿಚ್ಚಿ, ಸಿಲಿಂಡರನ್ನು ಕೊರೆಸಿ, ಹೊಸ ಪಿಸ್ಟನ್ ಹಾಕಿಸುವುದು. ಅದಕ್ಕೆ ತುಂಬಾ ದುಡ್ಡು ಬೇಕು. ಜೋಳ, ಶುಂಠಿ, ಅಡಿಕೆ ಸಾಗಿಸಿ ಬದುಕುವವರಿಗೆ ಗಾಡಿ ನಿಂತರೆ ಆ ವಾರದ ದುಡಿಮೆಯೇ ನಿಂತ ಹಾಗೆ. ಇಲ್ಲಿಂದ ಶಿವಮೊಗ್ಗ ಸುಮಾರು 25 ಕಿ.ಮೀ. ರಾತ್ರಿ ಹೊತ್ತು ಹುಷಾರಿಲ್ಲದವರನ್ನು ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಗಾಡಿ ಅರ್ಧ ದಾರಿಯಲ್ಲಿ ನಿಂತರೆ ಏನು ಗತಿ? ಆದ್ದರಿಂದ ಎಂಜಿನ್ನಿನ ರೋಗ ಕಂಡುಹಿಡಿಯುವುದು ಹೇಗೆ ಎಂಬುದು ಮೆಕ್ಯಾನಿಕ್‌ಗಳಿಗೆ ಮಾತ್ರ ಸೇರಿದ ವಿಷಯ ಅಲ್ಲ. ನಾವೂ ಅದನ್ನು ತಿಳಿಯಬೇಕು.

ಈ ಪಾಠದ ಮುಖ್ಯ ಮಾತು ಇಷ್ಟೇ: ಊಹೆ ಮಾಡಿ ಭಾಗ ಬದಲಿಸಬಾರದು. ಒಂದೊಂದಾಗಿ ಪರೀಕ್ಷೆ ಮಾಡಬೇಕು. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಇಲ್ಲದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ.

ಎಂಜಿನ್ ಹೇಗೆ ದುಡಿಯುತ್ತದೆ?

ಈಗಿನ ಪೆಟ್ರೋಲ್ ಕಾರುಗಳ ಎಂಜಿನ್ನಿಗೆ ಮೂಲ, ಜರ್ಮನಿಯ ನಿಕೋಲಸ್ ಆಟೋ 1876ರಲ್ಲಿ ಮಾಡಿದ ನಾಲ್ಕು ಹೊಡೆತದ ಎಂಜಿನ್. ಸಿಲಿಂಡರ್ ಎಂಬ ಕೊಳವೆಯೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದರ ನಾಲ್ಕು ಹೊಡೆತಗಳು ಇವು.

1. ಎಳೆಯುವುದು – ಗಾಳಿ ಮತ್ತು ಪೆಟ್ರೋಲ್ ಆವಿ ಒಳಗೆ ಬರುತ್ತದೆ.
2. ಒತ್ತುವುದು – ಪಿಸ್ಟನ್ ಮೇಲೆ ಬಂದು ಆ ಮಿಶ್ರಣವನ್ನು ಅದುಮುತ್ತದೆ.
3. ಸಿಡಿಯುವುದು – ಪ್ಲಗ್ ಕಿಡಿ ಕೊಡುತ್ತದೆ, ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಗೆ ನೂಕುತ್ತದೆ.
4. ಹೊರದೂಡುವುದು – ಉರಿದ ಹೊಗೆ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ.

ನಾಲ್ಕರಲ್ಲಿ ಮೂರನೆಯದು ಮಾತ್ರ ದುಡಿಮೆ. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸಿಲಿಂಡರ್ ಒಂದು ಸಲ ಸಿಡಿಯುತ್ತದೆ. ನಮಗೆಲ್ಲ ಗೊತ್ತಿರುವ ಮಾರುತಿ ಓಮ್ನಿಯನ್ನೇ ತೆಗೆದುಕೊಳ್ಳೋಣ. ಅದರ ತಯಾರಿಕೆ 2019ರಲ್ಲಿ ನಿಂತಿತು, ಆದರೆ ಗಾಡಿಗಳು ಇನ್ನೂ ರಸ್ತೆಯ ಮೇಲೆ ಇವೆ. ಅದಕ್ಕೆ ಮೂರು ಸಿಲಿಂಡರ್. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರ್ 1,500 ಸಲ, ಮೂರೂ ಸೇರಿ 4,500 ಸಲ ಸಿಡಿಯುತ್ತವೆ. ಅಂದರೆ ಸೆಕೆಂಡಿಗೆ 75 ಸಲ! ಒಂದು ಸಿಲಿಂಡರ್ ಕೆಲಸ ಬಿಟ್ಟರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋಯಿತು. ಉಳಿದ ಎರಡು ಅದನ್ನೂ ಹೊತ್ತುಕೊಂಡು ತಿರುಗಬೇಕು. ಆಗ ಗಾಡಿ ಗಡಗಡ ನಡುಗುತ್ತದೆ. ಇದನ್ನೇ "ಮಿಸ್ಸಿಂಗ್ ಹೊಡೀತಿದೆ" ಅನ್ನುವುದು.

ಎಂಜಿನ್ನಿಗೆ ಬೇಕಾದ ನಾಲ್ಕು

ಅಡಿಗೆ ಒಲೆ ಉರಿಯಲು ಏನೇನು ಬೇಕು? ಒಣ ಸೌದೆ ಬೇಕು, ಊದುಕೊಳವೆಯಿಂದ ಗಾಳಿ ಬೇಕು, ಬೆಂಕಿಕಡ್ಡಿ ಬೇಕು. ಎಂಜಿನ್ನಿಗೂ ಇವೇ ಮೂರು: ಇಂಧನ, ಗಾಳಿ, ಕಿಡಿ. ಒಲೆಗೆ ಇಲ್ಲದ ನಾಲ್ಕನೆಯದು ಒಂದಿದೆ. ಅದು ಒತ್ತಡ.

ಒತ್ತಡದ ಗುಣ ತಿಳಿಯಲು ಸೈಕಲ್ ಪಂಪ್ ಸಾಕು. ಟ್ಯೂಬಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿ ಇರುತ್ತದೆ. ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪ್ಲಗ್ ಕಿಡಿಯೇ ಇಲ್ಲ. ಗಾಳಿಯನ್ನು ಎಷ್ಟು ಜೋರಾಗಿ ಅದುಮುತ್ತಾರೆಂದರೆ ಅದರ ಬಿಸಿಗೇ ಡೀಸೆಲ್ ಹತ್ತಿಕೊಳ್ಳುತ್ತದೆ. ಇದನ್ನು ರುಡಾಲ್ಫ್ ಡೀಸೆಲ್ 1897ರಲ್ಲಿ ಮಾಡಿ ತೋರಿಸಿದರು. ಟ್ರ್ಯಾಕ್ಟರ್, ಲಾರಿ, ಬಸ್ಸು ಓಡುವುದು ಇದೇ ರೀತಿ.

ಗಾಡಿ ಎಳೆಯುತ್ತಿಲ್ಲ ಎಂದರೆ ಈ ನಾಲ್ಕರಲ್ಲಿ ಯಾವುದೋ ಒಂದು ಕಡಿಮೆಯಾಗಿದೆ. ಯಾವುದು ಅಂತ ಹುಡುಕುವುದೇ ಕೆಲಸ.

(1) ಗಾಳಿ

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆಯ ಗಾಳಿ ಪೂರಾ ಹನ್ನೆರಡು ಲೀಟರ್ ಪೆಟ್ರೋಲಿಗೆ ಮುಗಿದುಹೋಗುತ್ತದೆ! ಅಷ್ಟೂ ಗಾಳಿ ಏರ್ ಫಿಲ್ಟರ್ ಎಂಬ ಕಾಗದದ ಜರಡಿಯ ಮೂಲಕವೇ ಹೋಗಬೇಕು. ಬೇಸಿಗೆಯಲ್ಲಿ ನಮ್ಮ ಕಡೆಯ ಕೆಂಪು ಧೂಳು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿಗೆ ಮೂಗು ಕಟ್ಟಿದ ಹಾಗೆ.

ಪರೀಕ್ಷೆ: ಫಿಲ್ಟರ್ ಹೊರಗೆ ತೆಗೆದು ಬಿಸಿಲಿಗೆ ಹಿಡಿಯಿರಿ. ಇನ್ನೊಂದು ಕಡೆಯಿಂದ ಬೆಳಕು ಕಾಣದಿದ್ದರೆ ಕಟ್ಟಿದೆ ಅಂತ ಅರ್ಥ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೆ ಫಿಲ್ಟರ್ ಇಲ್ಲದೆ ಗಾಡಿ ಓಡಿಸಬಾರದು. ಧೂಳು ಒಳಗೆ ಹೋಗಿ ಸಿಲಿಂಡರನ್ನು ಉಜ್ಜಿ ಸವೆಸುತ್ತದೆ. ಆಗ ನಿಜವಾಗಿಯೂ ಬೋರಿಗೆ ಬರುತ್ತದೆ.

ಗಾಳಿ ಒಳಗೆ ಹೋದರೆ ಸಾಲದು, ಹೊಗೆ ಹೊರಗೂ ಹೋಗಬೇಕು. ಸೈಲೆನ್ಸರ್ ಒಳಗೆ ಕಟ್ಟಿಕೊಂಡಿದ್ದರೂ ಎಂಜಿನ್ನಿಗೆ ಉಸಿರು ಕಟ್ಟುತ್ತದೆ.

(2) ಇಂಧನ

ಟ್ಯಾಂಕಿನಿಂದ ಪೆಟ್ರೋಲ್ ಪಂಪಿಗೆ, ಪಂಪಿನಿಂದ ಫಿಲ್ಟರಿಗೆ, ಅಲ್ಲಿಂದ ಹಳೆಯ ಗಾಡಿಯಾದರೆ ಕಾರ್ಬುರೇಟರಿಗೆ, ಹೊಸದಾದರೆ ಇಂಜೆಕ್ಟರಿಗೆ ಹೋಗುತ್ತದೆ. ದಾರಿಯಲ್ಲಿ ಎಲ್ಲಿ ಕಸ ಸಿಕ್ಕಿಕೊಂಡರೂ ಎಂಜಿನ್ನಿಗೆ ಹಸಿವು. ಇದರ ಗುರುತು ಏನೆಂದರೆ, ಗಾಡಿ ಸಮತಟ್ಟಿನಲ್ಲಿ ಸುಮ್ಮನೆ ಓಡುತ್ತದೆ, ಏರು ಬಂದಾಗ ಅಥವಾ ಆಕ್ಸಿಲರೇಟರ್ ಜೋರಾಗಿ ತುಳಿದಾಗ ಜಗ್ಗುತ್ತದೆ. ಕಡಿಮೆ ಬೇಕಾದಾಗ ಸಾಲುತ್ತದೆ, ಜಾಸ್ತಿ ಬೇಕಾದಾಗ ಸಾಲುವುದಿಲ್ಲ.

ಹಳೆಯ ಗಾಡಿಗಳಲ್ಲಿ ಚೋಕ್ ಎಂಬ ಗುಂಡಿ ಇರುತ್ತದೆ. ಚಳಿಯಲ್ಲಿ ಸ್ಟಾರ್ಟ್ ಮಾಡಲು ಎಳೆದು ಮತ್ತೆ ಒಳಗೆ ತಳ್ಳಲು ಮರೆತರೆ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ ಬರುತ್ತದೆ. ಲಾಟೀನಿನ ಬತ್ತಿ ಹೆಚ್ಚು ಏರಿಸಿದರೆ ಗಾಜು ಮಸಿ ಹಿಡಿಯುತ್ತದಲ್ಲ, ಅದೇ ಕಾರಣ.

ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರದಂತೆ ನೋಡಿಕೊಳ್ಳಬೇಕು. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಎಲ್ಲ ಕಡೆ ಬಂದಿದೆ. ಎಥನಾಲ್ ನೀರನ್ನು ತನ್ನಲ್ಲಿ ಸೇರಿಸಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಳದಿಂದಲೇ ಪಂಪ್ ಎಳೆಯುವುದು. ತಿಂಗಳುಗಟ್ಟಲೆ ನಿಲ್ಲಿಸಿದ್ದ ಗಾಡಿ ಸ್ಟಾರ್ಟ್ ಆಗದಿದ್ದರೆ ಇದನ್ನೂ ನೆನಪಿಡಬೇಕು.

ಹಿಂದಿನ ಕಾಲದ ಒಂದು ಪಾಠ: ಎರಡನೇ ಮಹಾಯುದ್ಧದ ಕಾಲದಲ್ಲಿ (1939–45) ಪೆಟ್ರೋಲಿಗೆ ಬರ ಬಂತು. ಆಗ ಮೈಸೂರು ಸಂಸ್ಥಾನದಲ್ಲಿ ಇದ್ದಿಲು ಗ್ಯಾಸ್ ಬಸ್ಸುಗಳು ಓಡಿದವು. ಒಲೆಯಂಥ ಡ್ರಮ್ಮಿನಲ್ಲಿ ಇದ್ದಿಲು ಉರಿಸಿ, ಅದರಿಂದ ಬರುವ ಗ್ಯಾಸನ್ನು ಎಂಜಿನ್ನಿಗೆ ಬಿಡುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಇದ್ದಿಲಿಗೆ ಕೊರತೆ ಇರಲಿಲ್ಲ. 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕುಲುಮೆಯೂ ಮೊದಲು ಉರಿದದ್ದು ಇದ್ದಿಲಿನಿಂದಲೇ. ಆದರೆ ಆ ಗ್ಯಾಸಿನಲ್ಲಿ ಉರಿಯದ ಸಾರಜನಕವೇ ಬಹಳ. ಆದ್ದರಿಂದ ಬಸ್ಸಿಗೆ ಶಕ್ತಿ ಸಾಲದೆ ಏರಿನಲ್ಲಿ ತಿಣುಕುತ್ತಿತ್ತು. ಎಂಜಿನ್ ಕೆಟ್ಟಿರಲಿಲ್ಲ, ಅದರ ಊಟ ಕೆಟ್ಟಿತ್ತು. ಗಾಡಿ ಏರು ಹತ್ತಲಿಲ್ಲ ಅಂದ ಮಾತ್ರಕ್ಕೆ ಎಂಜಿನ್ ಸವೆದಿದೆ ಅಂತ ಹೇಳಬಾರದು ಎಂಬುದಕ್ಕೆ ಇದು ಒಳ್ಳೆ ಉದಾಹರಣೆ.

(3) ಕಿಡಿ

ಬ್ಯಾಟರಿಯದು 12 ವೋಲ್ಟ್. ಆದರೆ ಪ್ಲಗ್ಗಿನ ಸಣ್ಣ ಸಂದಿಯಲ್ಲಿ ಕಿಡಿ ಹಾರಲು ಹತ್ತು ಸಾವಿರಕ್ಕಿಂತ ಹೆಚ್ಚು ವೋಲ್ಟ್ ಬೇಕು. ಅದನ್ನು ಕಾಯಿಲ್ ಮಾಡಿಕೊಡುತ್ತದೆ. ಇಷ್ಟು ವೋಲ್ಟ್ ಇದ್ದಾಗ ವಯರಿನಲ್ಲಿ ಸ್ವಲ್ಪ ಬಿರುಕಿದ್ದರೂ, ತೇವ ಇದ್ದರೂ ಕರೆಂಟು ಅಡ್ಡದಾರಿ ಹಿಡಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಳೆಯ ಗಾಡಿಗಳು ಬೆಳಿಗ್ಗೆ ಮಿಸ್ಸಿಂಗ್ ಹೊಡೆಯುವುದು ಇದಕ್ಕೇ. ಇಲಿ ಕಾಟವೂ ಇದೆ. ಭತ್ತದ ಚೀಲದ ಪಕ್ಕ ನಿಲ್ಲಿಸಿದ ಗಾಡಿಯ ವಯರನ್ನು ಇಲಿ ಕಡಿಯದೆ ಬಿಡುವುದಿಲ್ಲ. ಬಾನೆಟ್ ಎತ್ತಿದ ತಕ್ಷಣ ಕಣ್ಣಲ್ಲೇ ವಯರುಗಳನ್ನು ನೋಡಬೇಕು.

ಬಿಚ್ಚಿದ ಪ್ಲಗ್ಗಿನ ಬಣ್ಣ ನೋಡಿದರೆ ಒಳಗಿನ ಸುದ್ದಿ ತಿಳಿಯುತ್ತದೆ, ಡಾಕ್ಟರು ನಾಲಿಗೆ ನೋಡಿದ ಹಾಗೆ.

ತಿಳಿ ಕಂದು – ಆರೋಗ್ಯ.
ಒಣ ಕಪ್ಪು ಮಸಿ – ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ.
ಜಿಡ್ಡು ಜಿಡ್ಡಾದ ಕಪ್ಪು – ಆಯಿಲ್ ಸಿಲಿಂಡರಿಗೆ ಬರುತ್ತಿದೆ.
ಸುಣ್ಣದಂಥ ಬಿಳಿ – ವಿಪರೀತ ಬಿಸಿ, ಅಥವಾ ಪೆಟ್ರೋಲ್ ಕಡಿಮೆ.

(4) ಒತ್ತಡ

ಮೇಲಿನ ಮೂರೂ ಸರಿ ಇದ್ದರೆ ಮಾತ್ರ ಇಲ್ಲಿಗೆ ಬರಬೇಕು. ಪ್ಲಗ್ ತೆಗೆದ ತೂತಿಗೆ ಒಂದು ಗೇಜ್ ಇಟ್ಟು ಎಂಜಿನ್ ತಿರುಗಿಸಿದರೆ ಪ್ರತಿ ಸಿಲಿಂಡರಿನ ಒತ್ತಡ ಎಷ್ಟಿದೆ ಅಂತ ಗೊತ್ತಾಗುತ್ತದೆ. ಒಂದು ಸಿಲಿಂಡರಿನಲ್ಲಿ ಕಡಿಮೆ ಬಂತು ಅಂತ ಇಟ್ಟುಕೊಳ್ಳಿ. ಆ ತೂತಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಆಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿದೆ, ಆಯಿಲ್ ಆ ಸಂದಿಯನ್ನು ಮುಚ್ಚಿತು ಅಂತ ಅರ್ಥ. ಏರದಿದ್ದರೆ ಸೋರುತ್ತಿರುವುದು ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ. ನೋಡಿ, ಎಷ್ಟು ಜಾಣ ಪರೀಕ್ಷೆ! "ಬೋರಿಗೆ ಬಂದಿದೆ" ಎಂಬ ಮಾತನ್ನು ಈ ಅಳತೆ ಆದ ಮೇಲೆ ಹೇಳಬೇಕು. ಅಳೆಯದೆ ಹೇಳಿದರೆ ಅದು ಬರೀ ಊಹೆ.

ಹೊಗೆ ನೋಡಿ ರೋಗ ತಿಳಿಯಿರಿ

ಕಪ್ಪು ಹೊಗೆ – ಇಂಧನ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್, ಚೋಕ್, ಇಂಜೆಕ್ಟರ್ ನೋಡಿ.
ನೀಲಿ ಹೊಗೆ – ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಕಡ್ಡಿ ತೆಗೆದು ಮಟ್ಟ ನೋಡಿ.
ಬಿಳಿ ಹೊಗೆ, ಬೆಳಿಗ್ಗೆ ಬಂದು ಸ್ವಲ್ಪ ಹೊತ್ತಿಗೆ ಮಾಯ – ಬರೀ ನೀರಾವಿ. ರೋಗ ಅಲ್ಲ.
ಬಿಳಿ ಹೊಗೆ, ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ – ರೇಡಿಯೇಟರ್ ನೀರು ಸಿಲಿಂಡರಿಗೆ ಹೋಗುತ್ತಿರಬಹುದು. ಗಾಡಿ ನಿಲ್ಲಿಸಿ.

ಹೊಸ ಕಾರುಗಳಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಇರುತ್ತದೆ. ಮೆಕ್ಯಾನಿಕ್ ಒಂದು ಯಂತ್ರ ಜೋಡಿಸಿ ಕೋಡ್ ಓದುತ್ತಾರೆ. ಆದರೆ ಆ ಕೋಡ್ ಬೀದಿಯ ಹೆಸರು ಹೇಳುತ್ತದೆಯೇ ಹೊರತು ಮನೆ ನಂಬರ್ ಹೇಳುವುದಿಲ್ಲ. "ಎರಡನೇ ಸಿಲಿಂಡರ್ ಮಿಸ್ಸಿಂಗ್" ಅಂತ ಬಂದರೆ ಅದು ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ ಎಂದು ನಾವೇ ಹುಡುಕಬೇಕು. ಆ ದೀಪ ಮಿಣುಕುತ್ತಿದ್ದರೆ ಗಾಡಿ ಓಡಿಸಬಾರದು. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕಡೆ ಹೋಗಿ ಅಲ್ಲಿ ಉರಿದು ವಿಪರೀತ ಬಿಸಿಯಾಗುತ್ತದೆ.

ಎಂಜಿನ್ ತಪ್ಪೇ ಅಲ್ಲದಿದ್ದರೆ?

ಎಂಜಿನ್ ಗಟ್ಟಿಯಾಗಿದ್ದರೂ ಗಾಡಿ ಎಳೆಯದೆ ಇರಬಹುದು. ಎಂಜಿನ್ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಸ್ವಲ್ಪ ದೂರ ಓಡಿದ ಮೇಲೆ ಒಂದು ಚಕ್ರದ ಹತ್ತಿರ ಮಾತ್ರ ಹೆಚ್ಚು ಬಿಸಿ ಬರುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಟೈರಿಗೆ ಗಾಳಿ ಕಡಿಮೆ ಇದ್ದರೂ ಗಾಡಿ ಭಾರ. ಇವನ್ನು ನೋಡದೆ ಎಂಜಿನ್ ಬಿಚ್ಚಬಾರದು.

ಸುಗ್ಗಿ ಕಾಲದಲ್ಲಿ ಇನ್ನೊಂದು ಇದೆ. ಹೊಟ್ಟು, ಹುಲ್ಲಿನ ಚೂರು ರೇಡಿಯೇಟರಿನ ಸಂದಿಗೆ ಸೇರಿ ಗಾಳಿ ಹೋಗದಂತೆ ಮಾಡುತ್ತದೆ. ಎಂಜಿನ್ ಕಾದು ಶಕ್ತಿ ಕುಂದುತ್ತದೆ. ಮೀಟರಿನ ಮುಳ್ಳು ಕೆಂಪು ಗೆರೆ ಕಡೆ ಹೋದರೆ ಮೊದಲು ನಿಲ್ಲಿಸಿ, ತಣ್ಣಗಾಗಲು ಬಿಡಿ.

ಒಂದು ಲೆಕ್ಕ ಬಿಡಿಸೋಣ

ಒಂದು ಹಳೆಯ ಓಮ್ನಿ ಇದೆ. ಕುಂಸಿಯಿಂದ ಹೊರಟು ಆಯನೂರಿನ ತನಕ ಚೆನ್ನಾಗಿ ಓಡುತ್ತದೆ. ಆಮೇಲೆ ಜಗ್ಗಿ ಜಗ್ಗಿ ಆಫ್ ಆಗುತ್ತದೆ. ಹೊಗೆ ಇಲ್ಲ, ಎಂಜಿನ್ ಹೆಚ್ಚು ಕಾದಿಲ್ಲ. ಕಾಲು ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಸ್ಟಾರ್ಟ್! ಮತ್ತೆ ಅಷ್ಟೇ ದೂರ ಹೋಗಿ ನಿಲ್ಲುತ್ತದೆ. ರೋಗ ಏನು?

ಯೋಚನೆ ಮಾಡೋಣ. ಸಿಲಿಂಡರ್ ಸವೆದಿದ್ದರೆ ಕಾಲು ಗಂಟೆಯಲ್ಲಿ ವಾಸಿ ಆಗುತ್ತಿರಲಿಲ್ಲ. ಆದ್ದರಿಂದ ಬೋರ್ ಅಲ್ಲ. ಏರ್ ಫಿಲ್ಟರ್ ಕಟ್ಟಿದ್ದರೆ ಹೊರಟಾಗಲೇ ತೊಂದರೆ ಕಾಣಬೇಕಿತ್ತು. ಆದ್ದರಿಂದ ಅದೂ ಅಲ್ಲ. ಉಳಿದದ್ದು ಇಂಧನ ಅಥವಾ ಕಿಡಿ.

ಎಣ್ಣೆ ಟಿನ್ನಿಗೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಗುಳುಂ ಗುಳುಂ ಅಂತ ತಡೆದು ತಡೆದು ಬರುತ್ತದೆ. ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಬರುತ್ತದೆ. ಎಣ್ಣೆ ಹೊರಗೆ ಬಂದಷ್ಟು ಗಾಳಿ ಒಳಗೆ ಹೋಗಬೇಕು. ಹಾಗೆಯೇ ಪೆಟ್ರೋಲ್ ಟ್ಯಾಂಕಿಗೂ ಗಾಳಿ ಹೋಗುವ ದಾರಿ ಇರುತ್ತದೆ. ಹಳೆಯ ಗಾಡಿಗಳಲ್ಲಿ ಅದು ಹೆಚ್ಚಾಗಿ ಮುಚ್ಚಳದಲ್ಲೇ. ಅದು ಮಣ್ಣು ಕಟ್ಟಿಕೊಂಡರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪಂಪಿಗೆ ಪೆಟ್ರೋಲ್ ಎಳೆಯಲು ಆಗುವುದಿಲ್ಲ. ಸ್ವಲ್ಪ ಹೊತ್ತು ನಿಂತಾಗ ಗಾಳಿ ನಿಧಾನ ನುಸುಳಿ ಮತ್ತೆ ಸರಿಯಾಗುತ್ತದೆ.

ಇನ್ನೊಂದು ಅನುಮಾನ ಕಾಯಿಲ್ ಮೇಲೆ. ಹಳೆ ಕಾಯಿಲ್ ಬಿಸಿಯಾದಾಗ ಕಿಡಿ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೊಡುತ್ತದೆ. ಇವೆರಡರಲ್ಲಿ ಯಾವುದು?

ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. "ಸುಯ್" ಅಂತ ಗಾಳಿ ಒಳಗೆ ನುಗ್ಗಿ, ಗಾಡಿ ಆಗಲೇ ಸ್ಟಾರ್ಟ್ ಆದರೆ ತಪ್ಪು ಮುಚ್ಚಳದ್ದು. ಮುಚ್ಚಳ ತೆಗೆದರೂ ಆಗದೆ, ತಣಿದ ಮೇಲಷ್ಟೇ ಆದರೆ ಕಾಯಿಲ್ ಪರೀಕ್ಷೆ ಮಾಡಿಸಿ. ಸಾವಿರಾರು ರೂಪಾಯಿ ಖರ್ಚು ಮಾಡಿಸಬಹುದಾದ ರೋಗಕ್ಕೆ ಮದ್ದು ಒಂದು ಪಿನ್ನು ಇರಬಹುದು! "ಯಾವಾಗ ಕೆಡುತ್ತದೆ? ಯಾವಾಗ ಸರಿಯಾಗುತ್ತದೆ?" ಎಂಬ ಎರಡು ಪ್ರಶ್ನೆ ಕೇಳಿದ್ದಕ್ಕೇ ನಾವು ಇಲ್ಲಿಗೆ ಬಂದೆವು.

ಎಚ್ಚರಿಕೆ! ಎಚ್ಚರಿಕೆ!

1. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬಾರದು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತು, ಆಮೇಲೆ ನಿದ್ದೆ, ಆಮೇಲೆ ಸಾವು. ಕಾರಿನಲ್ಲಿ ಎಂಜಿನ್ ಹಾಕಿಕೊಂಡು ಗಾಜು ಏರಿಸಿ ಮಲಗುವುದೂ ಅಪಾಯವೇ.
2. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಒಳಗಿನ ನೀರು ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ.
3. ಪೆಟ್ರೋಲ್ ವಾಸನೆ ಇರುವಲ್ಲಿ ಬೀಡಿ, ಬೆಂಕಿಕಡ್ಡಿ ಬೇಡ.
4. ರಸ್ತೆಯಲ್ಲಿ ಒಕ್ಕಣೆಗೆ ಹಾಕಿದ ಹುಲ್ಲಿನ ಮೇಲೆ ಗಾಡಿ ಹೋದರೆ ಹುಲ್ಲು ಕೆಳಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಬಹುದು. ನಮ್ಮ ರಾಜ್ಯದಲ್ಲಿ ಹೀಗೆ ಕಾರುಗಳು ಸುಟ್ಟಿವೆ. ದಾಟಿದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಬೇಕು.
5. ಎಂಜಿನ್ ತಿರುಗುವಾಗ ಫ್ಯಾನ್, ಬೆಲ್ಟ್, ಪ್ಲಗ್ ವಯರ್ ಹತ್ತಿರ ಕೈ ಹಾಕಬಾರದು. ನಾವು ಮಕ್ಕಳು ದೊಡ್ಡವರ ಜೊತೆಯಲ್ಲಿ ನಿಂತು ನೋಡಿ ಕಲಿಯಬೇಕು.

ನೆನಪಿಡುವ ಸಾಲು: ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ → ಬ್ಯಾಟರಿ ಟರ್ಮಿನಲ್ ಬಿಗಿ ಇದೆಯಾ → ವಯರು ಸರಿ ಇವೆಯಾ → ಏರ್ ಫಿಲ್ಟರ್ → ಪ್ಲಗ್ → ಪೆಟ್ರೋಲ್ ಫಿಲ್ಟರ್, ಪಂಪ್ → ಕೊನೆಗೆ ಒತ್ತಡ.

ಪ್ರಶ್ನೆಗಳು

1. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಒಟ್ಟು ಎಷ್ಟು ಸಲ ಸಿಡಿಯುತ್ತದೆ?
2. ಡೀಸೆಲ್ ಟ್ರ್ಯಾಕ್ಟರ್ ಕಪ್ಪು ಹೊಗೆ ಬಿಡುತ್ತಿದೆ. "ಪ್ಲಗ್ ಬದಲಿಸು" ಅಂತ ಒಬ್ಬರು ಹೇಳಿದರು. ಇದು ಸರಿಯೇ? ಯಾಕೆ?
3. ಒಂದು ಕಾರು ಮಳೆ ಬಂದ ದಿನ ಮಾತ್ರ ಮಿಸ್ಸಿಂಗ್ ಹೊಡೆಯುತ್ತದೆ. ನೀವು ಮೊದಲು ಏನು ನೋಡುತ್ತೀರಿ?

ಉತ್ತರವನ್ನು ಕಾರಣ ಸಮೇತ ಚೀಟಿಯಲ್ಲಿ ಬರೆದು ಶನಿವಾರದೊಳಗೆ ಪತ್ರಿಕೆಯ ಡಬ್ಬಿಗೆ ಹಾಕಿ. ಸರಿ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಅಂಟಿಸುತ್ತೇವೆ.

– 7ನೇ ತರಗತಿ, ಕುಂಸಿ